ಸದಾಶಿವಗಡದ ಉಪ್ಪುಗಾಳಿಯೂ ಸ್ಟೇರಿಂಗ್ ರ‍್ಯಾಕೂ

ಕಾಳೀ ನದಿಯು ಅರಬ್ಬೀ ಸಮುದ್ರವನ್ನು ಕೂಡುವ ಅಳಿವೆಯ ಉತ್ತರ ದಂಡೆಯಲ್ಲಿರುವ ಸದಾಶಿವಗಡದಲ್ಲಿ, ಮಳೆಗಾಲವಿಡೀ ಸುರಿಯುವ ನೀರೂ ಕಡಲಿನಿಂದ ಬೀಸುವ ಲವಣಯುಕ್ತ ಗಾಳಿಯೂ ಕೂಡಿ ಉಕ್ಕಿನ ಆಯುಷ್ಯವನ್ನು ಕುಂದಿಸುತ್ತವೆಂಬುದು ವಾಹನವುಳ್ಳವರೆಲ್ಲರ ಅನುಭವ. ಲೋಹದ ಮೇಲೆ ಕುಳಿತ ತೇವದಲ್ಲಿ ಉಪ್ಪು ಕರಗಿತೆಂದರೆ ಅದು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವ ದ್ರಾವಣವಾಗಿ, ಅದರೊಳಗಿನ ಕ್ಲೋರೈಡ್ ಅಯಾನುಗಳು ರಕ್ಷಕ ಪದರವು ದುರ್ಬಲವಾದೆಡೆಯನ್ನು ಭೇದಿಸಿ, ಸೂಜಿಮೊನೆಯಷ್ಟು ಗುಳಿಗಳನ್ನು ಕೊರೆಯುತ್ತವೆ. ಪವರ್ ಸ್ಟೇರಿಂಗಿನ ಎಣ್ಣೆ ಸೋರಿದಾಗ ಎಲ್ಲರೂ ದೂರುವುದು ರಬ್ಬರಿನ ಆಯಿಲ್ ಸೀಲನ್ನು. ಈ ಕರಾವಳಿಯಲ್ಲಿ ಮೊದಲು ಶಂಕಿಸಬೇಕಾದುದು, ಸೀಲು ಓಡಾಡುವ ರ‍್ಯಾಕಿನ ಸರಳಿನ ಮೇಲಿನ ಆ ಗುಳಿಗಳನ್ನು.

ಚಾಲಕನು ಸ್ಟೇರಿಂಗ್ ಚಕ್ರವನ್ನು ತಿರುಗಿಸಿದಾಗ ಟಯರುಗಳು ಪ್ರತಿರೋಧಿಸುವುದರಿಂದ, ಸ್ಟೇರಿಂಗ್ ದಂಡಕ್ಕೂ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರಕ್ಕೂ ನಡುವೆ ಇರುವ ತೆಳುವಾದ ಉಕ್ಕಿನ ಸರಳು ಕೆಲವೇ ಡಿಗ್ರಿಗಳಷ್ಟು ತಿರುಚಿಕೊಳ್ಳುತ್ತದೆ. ಆ ಅಲ್ಪ ತಿರುಚಿನಿಂದಲೇ ಕವಾಟದ ಮಾರ್ಗಗಳು ತೆರೆದು, ಪಂಪಿನ ಎಣ್ಣೆಯು, ಪಿನಿಯನ್ ಎಡಬಲಕ್ಕೆ ಸರಿಸುವ ಹಲ್ಲುಸರಳಾದ ರ‍್ಯಾಕಿಗೆ ಜೋಡಿಸಿದ ಪಿಸ್ಟನ್ನಿನ ಒಂದು ಪಾರ್ಶ್ವಕ್ಕೆ ನುಗ್ಗುತ್ತದೆ. ಎಣ್ಣೆಯ ಒತ್ತಡವು ಚದರ ಸೆಂಟಿಮೀಟರಿಗೆ 70 ಕಿಲೋಗ್ರಾಮ್, ಪಿಸ್ಟನ್ನಿನ ವಿಸ್ತೀರ್ಣ 8 ಚದರ ಸೆಂಟಿಮೀಟರ್ ಎಂದು ಎಣಿಸಿದರೆ, ಪಾಸ್ಕಲನ ನಿಯಮದಂತೆ ದೊರೆಯುವ ತಳ್ಳುಬಲ 560 ಕಿಲೋಗ್ರಾಮ್! ಕೈ ಬೇಡಿದಷ್ಟೇ ಬಲವನ್ನು ಕೊಟ್ಟು, ಕೈ ನಿಂತೊಡನೆ ತಾನೂ ನಿಲ್ಲುವ ಈ ವಿಧೇಯತೆ ಯಂತ್ರಶಾಸ್ತ್ರದ ಅತ್ಯಂತ ಸುಂದರ ಕಲ್ಪನೆಗಳಲ್ಲೊಂದು. ಅಮೆರಿಕದ ಫ್ರಾನ್ಸಿಸ್ ಡೇವಿಸ್ 1926ರಲ್ಲಿಯೇ ಇಂಥ ಏರ್ಪಾಡನ್ನು ಪಿಯರ್ಸ್-ಆರೋ ವಾಹನವೊಂದರಲ್ಲಿ ಪ್ರದರ್ಶಿಸಿದ್ದರೂ, ಮಾರಾಟದ ಕಾರಿಗೆ ಅದು ಬಂದುದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ಲಿನ ಮೂಲಕ.

ಇಂಥ ಎಣ್ಣೆಯ ರ‍್ಯಾಕನ್ನು, ಹತ್ಯಾರುಗಳ ಅಭ್ಯಾಸವುಳ್ಳವರು ಮನೆಯಲ್ಲಿಯೂ ಬಿಚ್ಚಿ ಸರಿಪಡಿಸಬಹುದು. ಕಾರು ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ಕುಳಿತಿರಬೇಕು. ಬಿಚ್ಚುವ ಮೊದಲು ಚಕ್ರಗಳನ್ನು ನೇರಮಾಡಿ, ಪಿನಿಯನ್ ಕೂಡುವ ಸ್ಥಾನಕ್ಕೂ ಟೈರಾಡುಗಳ ಎಳೆಗಳಿಗೂ ಗುರುತು ಹಾಕಬೇಕು. ರ‍್ಯಾಕಿನ ಎರಡು ತುದಿಗಳನ್ನೂ ಮುಚ್ಚಿರುವ, ಮಡಿಕೆ ಮಡಿಕೆಯಾದ ರಬ್ಬರಿನ ಬೂಟು ಎಲ್ಲಿಯಾದರೂ ಸೀಳಿದ್ದರೆ, ಉಪ್ಪುನೀರು ಪ್ರವೇಶಿಸಿದ ದಾರಿ ಅದೇ. ರ‍್ಯಾಕಿನ ಸರಳನ್ನು ಹೊರಗೆಳೆದು, ಒರಸಿ, ಬೆಳಕಿಗೆ ಹಿಡಿದು, ಸೀಲು ಓಡಾಡುವ ಭಾಗದ ಮೇಲೆ ಉಗುರನ್ನು ನಿಧಾನವಾಗಿ ಎಳೆಯಬೇಕು. ಉಗುರು ತಡೆಯದೆ ಜಾರಿದರೆ ಮೇಲ್ಮೈಯ ಕಲೆಯನ್ನು ಅತಿ ನುಣುಪಾದ ಪಾಲಿಷ್ ಪೇಪರಿನಿಂದ ತೆಗೆಯಬಹುದು; ತಡೆದರೆ, ಎಷ್ಟು ಬೆಲೆಯ ಹೊಸ ಸೀಲನ್ನು ಹಾಕಿದರೂ ಆ ಗುಳಿಯ ಅಂಚು ಅರದಂತೆ ಅದರ ತುಟಿಯನ್ನು ಸವೆಸಿಬಿಡುತ್ತದೆ. ಆಗ ಸರಳಿಗೆ ಕ್ರೋಮ್ ಹಾಕಿಸಿ ನಯಗೊಳಿಸಬೇಕು, ಇಲ್ಲವೆ ಬದಲಾಯಿಸಬೇಕು; ಇದು ಮನೆಯ ಕೆಲಸವಲ್ಲ.

ಹೊಸ ಸೀಲನ್ನು ರ‍್ಯಾಕಿನ ಹಲ್ಲುಗಳ ಮೇಲೆ ಹಾಯಿಸುವಾಗ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿ, ಮೇಲೆ ಎಣ್ಣೆ ಸವರದಿದ್ದರೆ, ಜೋಡಣೆಯ ಗಳಿಗೆಯಲ್ಲಿಯೇ ಅದು ಹರಿಯುತ್ತದೆ. ಕವಾಟದ ಟೆಫ್ಲಾನ್ ಉಂಗುರಗಳನ್ನು ಬಿಸಿನೀರಿನಲ್ಲಿ ಮೆದುಗೊಳಿಸಿ, ಹಿಗ್ಗಿಸಿ ಕೂಡಿಸಿದ ಮೇಲೆ, ಅವು ಮತ್ತೆ ಸಂಕುಚಿಸಿ ತೋಡಿನೊಳಗೆ ನೆಲೆಗೊಳ್ಳುವವರೆಗೆ ಕಾಯುವ ತಾಳ್ಮೆ ಬೇಕು. ಕೊನೆಯಲ್ಲಿ ಎಂಜಿನ್ ಚಾಲೂ ಮಾಡದೆ, ಎತ್ತಿದ ಚಕ್ರಗಳನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೆಲ್ಲನೆ ತಿರುಗಿಸುತ್ತ, ಎಣ್ಣೆ ತಗ್ಗಿದಂತೆಲ್ಲ ತುಂಬುತ್ತ, ನೊರೆಯೇಳುವುದು ನಿಂತ ಮೇಲೆಯೇ ಕೀಲಿ ತಿರುಗಿಸತಕ್ಕದ್ದು. ರಸ್ತೆಗಿಳಿಯುವ ಮುನ್ನ ವ್ಹೀಲ್ ಅಲೈನ್‌ಮೆಂಟನ್ನು ಗ್ಯಾರೇಜಿನಲ್ಲಿ ಮಾಡಿಸತಕ್ಕದ್ದು.