ಕ್ಯಾಲೆಂಡರಿನಲ್ಲಿ ಹತ್ತನೇ ದಿನ

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮೊದಲು ಹಾಲಿನ ಲೆಕ್ಕ ಮಾತ್ರ ಇರುತ್ತಿತ್ತು. ಈಗ ಕೆಂಪು ಪೆನ್ನಿನ ಸುತ್ತುಗಳೂ ಇವೆ. ಅವು ಅವ್ವನ ಕೀಮೋ ದಿನಗಳು. ಸುತ್ತು ಹಾಕುವವಳು ಏಳನೇ ಕ್ಲಾಸಿನಲ್ಲಿ ಓದುವ ನನ್ನ ಮಗಳು.

ಅಪ್ಪ, ಅವ್ವ ಇರುವುದು ಗುಬ್ಬಿ ಹತ್ತಿರದ ಹಳ್ಳಿಯಲ್ಲಿ. ನಾನು ತುಮಕೂರಿನಲ್ಲಿ. ಅಕ್ಕನನ್ನು ಕೊಟ್ಟಿರುವುದು ಕುಣಿಗಲ್ಲಿಗೆ. ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿ ಎಂಟು ತಿಂಗಳಾಗಿದ್ದರೂ ಅವ್ವ ಯಾರಿಗೂ ಹೇಳಿರಲಿಲ್ಲ. ‘ನೋವೇ ಇರ್ಲಿಲ್ವಲ್ಲಪ್ಪ’ ಎಂಬುದು ಅವಳ ಸಮಜಾಯಿಷಿ. ಸ್ತನದ ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಅಜ್ಜಿಯಂದಿರು ಇದನ್ನು ಓದುತ್ತಿದ್ದರೆ ಈ ಒಂದು ಸಾಲನ್ನು ದಯವಿಟ್ಟು ಎರಡು ಸಲ ಓದಿ.

ಚಿಕಿತ್ಸೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ. 1973ರಲ್ಲಿ ಶುರುವಾದ ಈ ಸಂಸ್ಥೆಗೆ ಕೇಂದ್ರ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿ ಅವರ ಹೆಸರಿಟ್ಟಿದ್ದಾರೆ. ಅಪ್ಪನ ಬಿಪಿಎಲ್ ಕಾರ್ಡು ಇಲ್ಲಿ ಕೆಲಸಕ್ಕೆ ಬಂತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ರೈಲಿನಲ್ಲೂ ಕ್ಯಾನ್ಸರ್ ರೋಗಿಗೆ ಎರಡನೇ ದರ್ಜೆಯಲ್ಲಿ ಶೇ 75 ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೂ ಉಂಟು. ಆಸ್ಪತ್ರೆಯಲ್ಲಿ ಫಾರಂ ಬರೆಸಿಕೊಳ್ಳಬೇಕು. ನಾವು ಹೋಗುವಾಗ ರೈಲು, ಬರುವಾಗ ಬಾಡಿಗೆ ಕಾರು. ಸುಸ್ತಾದ ಅವ್ವನನ್ನು ಸಂಜೆ ರೈಲಿನ ನೂಕುನುಗ್ಗಲಿಗೆ ತಳ್ಳಲು ಮನಸ್ಸು ಬರಲಿಲ್ಲ.

ಮಗಳಿಗೆ ಮೊದಲು ನಾವು ಸುಳ್ಳು ಹೇಳಿದೆವು. ಅಜ್ಜಿಗೆ ಗ್ಯಾಸ್ಟ್ರಿಕ್ ಅಂದೆವು. ಒಂದು ರಾತ್ರಿ ಅವಳು ಪಕ್ಕಕ್ಕೆ ಬಂದು ಮಲಗಿ, ‘ಅಪ್ಪಾ, ನಾನು ಚಿಕ್ಕೋಳಿದ್ದಾಗ ಅಜ್ಜಿ ಎದೆ ಮೇಲೆ ಮಲಗಿ ಒದೀತಿದ್ದೆನಂತೆ. ಅದಕ್ಕೇ ಅಜ್ಜಿಗೆ ಕ್ಯಾನ್ಸರ್ ಬಂತಾ?’ ಎಂದಳು. ನನಗೆ ಎದೆ ಧಸಕ್ಕೆಂದಿತು. ಎಷ್ಟು ದಿನದಿಂದ ಆ ಮಗು ಇದನ್ನು ಹೊತ್ತುಕೊಂಡಿತ್ತೋ! ಮಕ್ಕಳೇ, ಒದ್ದರೆ ಕ್ಯಾನ್ಸರ್ ಬರುವುದಿಲ್ಲ. ಮುಟ್ಟಿದರೆ, ಅಪ್ಪಿಕೊಂಡರೆ, ಒಂದೇ ತಟ್ಟೆಯಲ್ಲಿ ಉಂಡರೆ ಅಂಟುವುದೂ ಇಲ್ಲ. ದೊಡ್ಡವರಲ್ಲೂ ಇದು ಗೊತ್ತಿಲ್ಲದವರಿದ್ದಾರೆ. ನೆಂಟರ ಮನೆಯೊಂದರಲ್ಲಿ ಅವ್ವನಿಗೆ ಮಾತ್ರ ಬೇರೆ ಲೋಟದಲ್ಲಿ ಕಾಫಿ ಬಂತು. ಅವ್ವ ಏನೂ ಅನ್ನದೆ ಕುಡಿದಳು. ಅಕ್ಕ ಆ ಮನೆಯ ಹೆಸರೆತ್ತಿದರೆ ಇವತ್ತಿಗೂ ಉರಿದು ಬೀಳುತ್ತಾಳೆ.

ಆ ರಾತ್ರಿಯಿಂದ ಮಗಳಿಗೆ ಎಲ್ಲವನ್ನೂ ಹೇಳತೊಡಗಿದೆವು. ಕೀಮೋ ಔಷಧ ಬೇಗಬೇಗ ಎರಡಾಗುವ ಜೀವಕೋಶಗಳಿಗೆ ಪೆಟ್ಟು ಕೊಡುತ್ತದೆ. ಕ್ಯಾನ್ಸರ್ ಕೋಶಗಳು ಅಂಥವು. ಕೂದಲಿನ ಬುಡ, ಬಾಯಿಯ ಒಳಪದರ, ಮೂಳೆಯೊಳಗೆ ರಕ್ತ ತಯಾರಿಸುವ ಕೋಶಗಳೂ ಅಂಥವೇ. ಹೊಲದಲ್ಲಿ ಕಳೆ ಕೀಳುವಾಗ ಒಂದಿಷ್ಟು ರಾಗಿ ಪೈರೂ ಕಿತ್ತು ಬರುತ್ತದಲ್ಲ, ಹಾಗೆ. ಅವ್ವನ ಮೊದಲ ನಾಲ್ಕು ಕೀಮೋದ ಔಷಧ ದಾಸವಾಳದಷ್ಟು ಕೆಂಪು. ಮಾರನೇ ದಿನ ಮೂತ್ರವೂ ಕೆಂಪಾಯಿತೆಂದು ಅವ್ವ ಹೆದರಿದಳು. ಅದು ರಕ್ತವಲ್ಲ, ಔಷಧದ ಬಣ್ಣ ಎಂದು ನರ್ಸ್ ಮೊದಲೇ ಹೇಳಿದ್ದರು, ನಾನೇ ಅವಳಿಗೆ ತಿಳಿಸಲು ಮರೆತಿದ್ದೆ.

ಡಾಕ್ಟರು ಇನ್ನೊಂದು ಮಾತು ಒತ್ತಿ ಹೇಳಿದ್ದರು. ಕೀಮೋ ಆದ ಏಳರಿಂದ ಹದಿನಾಲ್ಕು ದಿನದೊಳಗೆ ಬಿಳಿ ರಕ್ತಕಣ ತೀರಾ ಇಳಿಯುತ್ತವೆ. ಆಗ ಜ್ವರ 100.4 ಡಿಗ್ರಿ ದಾಟಿದರೆ ಬೆಳಗಾಗಲಿ ಎಂದು ಕಾಯಬಾರದು. ಮಗಳು ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟಳು.

ಎರಡನೇ ಕೀಮೋದ ಹತ್ತನೇ ದಿನ. ಅವ್ವ ನಮ್ಮ ಮನೆಯಲ್ಲಿದ್ದಳು. ನೋಡಿಕೊಳ್ಳಲು ಬಂದಿದ್ದ ಅಕ್ಕ ಹಿಂದಿನ ದಿನವಷ್ಟೇ ಕುಣಿಗಲ್ ಬಸ್ಸು ಹತ್ತಿದ್ದಳು. ರಾತ್ರಿ ಅವ್ವನಿಗೆ ಚಳಿ ಹತ್ತಿದೆ. ಯಾರನ್ನೂ ಎಬ್ಬಿಸದೆ ಮೆಣಸಿನ ಕಷಾಯ ಕಾಯಿಸಿಕೊಂಡು ಕುಡಿದು ಕಂಬಳಿ ಹೊದ್ದಿದ್ದಾಳೆ. ಪಕ್ಕದಲ್ಲಿ ಮಲಗಿದ್ದ ಮಗಳಿಗೆ ಮೈ ಸುಡುವುದು ಗೊತ್ತಾಯಿತು. ಥರ್ಮಾಮೀಟರ್ ಇಟ್ಟಳು. 101.2. ‘ನಿಮ್ಮಪ್ಪನ್ನ ಎಬ್ಬಿಸ್ಬೇಡ ಕಣೇ, ಬೆಳಿಗ್ಗೆ ಕೆಲಸಕ್ಕೆ ಹೋಗ್ಬೇಕು’ ಎಂದಳಂತೆ ಅವ್ವ. ‘ಇವತ್ತು ಹತ್ತನೇ ದಿನ ಅಜ್ಜಿ’ ಎನ್ನುತ್ತಲೇ ಮಗಳು ನನ್ನ ಕೋಣೆಗೆ ಓಡಿ ಬಂದಳು.

ಅರ್ಧ ಗಂಟೆಯಲ್ಲಿ ತುಮಕೂರಿನ ಆಸ್ಪತ್ರೆಯಲ್ಲಿದ್ದೆವು. ಕೀಮೋ ಪುಸ್ತಕ ನೋಡಿದವರೇ ಡ್ರಿಪ್ಪಿನಲ್ಲಿ ಆ್ಯಂಟಿಬಯಾಟಿಕ್ ಹಾಕಿದರು. ಮೂರು ದಿನಕ್ಕೆ ಜ್ವರ ಇಳಿಯಿತು. ಮನೆಗೆ ಬಂದ ಮೇಲೆ ಅವ್ವನ ಮೇಲೆ ರೇಗಿದೆ. ರೇಗಬಾರದಿತ್ತು. ಅವಳು ತಲೆ ತಗ್ಗಿಸಿ, ‘ಸಾಕು ಕಣಪ್ಪ, ಇನ್ನು ಹೋಗೋದು ಬೇಡ. ನಿಮಗೆಲ್ಲ ಭಾರ ಆದೆ’ ಎಂದಳು. ನನಗೆ ಮಾತು ಹೊರಡಲಿಲ್ಲ. ಅಕ್ಕ ಫೋನಿನಲ್ಲಿ ಅತ್ತಳು. ಅಪ್ಪ ಮಾತ್ರ, ‘ಮುಂದಿನ ಸಲ ನಾನೂ ಬತ್ತೀನಿ’ ಎಂದು ಪಂಚೆ ಕೊಡವಿಕೊಂಡು ಎದ್ದರು. ಅಲ್ಲಿಂದ ಪ್ರತಿ ಸಲವೂ ಅವರು ಬರುತ್ತಿದ್ದಾರೆ. ಆಸ್ಪತ್ರೆಯ ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಾರೆ, ಅಷ್ಟೇ. ಅವ್ವ ಬೇಡ ಎಂದದ್ದು ಅದೇ ಕೊನೆ.

ಈಗ ಎರಡನೇ ಔಷಧ ನಡೆಯುತ್ತಿದೆ, ವಾರಕ್ಕೊಂದರಂತೆ ಹನ್ನೆರಡು. ಏಳು ಮುಗಿದಿವೆ. ಆಮೇಲೆ ಆಪರೇಷನ್. ಈ ಔಷಧಕ್ಕೆ ಬೆರಳ ತುದಿ ಜೋಮು ಹಿಡಿಯುತ್ತದೆ. ಕಣ್ಣು ಮುಚ್ಚಿ ಮಲ್ಲಿಗೆ ಕಟ್ಟುತ್ತಿದ್ದ ಅವ್ವನ ಕೈಗೆ ಈಗ ದಾರ ಸಿಗುವುದಿಲ್ಲ. ಮಗಳು ಕಲಿಯುತ್ತಿದ್ದಾಳೆ. ಮೊನ್ನೆ ಅವಳು ಕಟ್ಟಿದ ಮೊಳ ಹೂವು ದೇವರ ಪಟಕ್ಕೆ ಏರುವಷ್ಟರಲ್ಲಿ ಅರ್ಧ ಉದುರಿತ್ತು.

‘ಬಿಗಿಯಾಗಿ ಎಳೀಬೇಕು ಕಣೇ’ ಎಂದಳು ಅವ್ವ. ‘ಇನ್ನೊಂದ್ಸಲ ಬಿಚ್ಚು.’