ಈರುಳ್ಳಿ ಪೊರೆ, ಒಂದು ಹನಿ ಉಪ್ಪುನೀರು
ಒಂಬತ್ತನೇ ಕ್ಲಾಸಲ್ಲಿ ಈರುಳ್ಳಿ ಜೀವಕೋಶದ ಚಿತ್ರವನ್ನು ನಾವು ಪುಸ್ತಕ ನೋಡಿಯೇ ರೆಕಾರ್ಡಿಗೆ ಇಳಿಸಿದ್ವಿ. ಮಾರ್ಕ್ಸ್ ಪೂರ್ತಿ ಬಂತು. ಮೊನ್ನೆ ಹೈಸ್ಕೂಲ್ ಮಕ್ಕಳಿಗೆ ಇದನ್ನೇ ಮಾಡಿಸಲು ಹೋಗಿ ಸಿಕ್ಕಿಬಿದ್ವಿ: ಕಪ್ಪು ಅಂಚಿನ ದುಂಡನೆಯ ಗಾಳಿಗುಳ್ಳೆಗಳನ್ನೇ ಕೋಶ ಅಂದುಬಿಟ್ವಿ!

ಕೆಂಪು ಈರುಳ್ಳಿ ಪದರದ ಹೊರಮೈಯ ಬಣ್ಣದ ಪೊರೆ ಸುಲಿದು, ಒಣಗುವ ಮುಂಚೆ ಸ್ಲೈಡಿನ ನೀರಹನಿಯಲ್ಲಿ ಹರಡಬೇಕು. ಕವರ್‌ಸ್ಲಿಪ್ಪನ್ನು ಸೂಜಿಯ ಆಸರೆಯಲ್ಲಿ ಓರೆಯಾಗಿ, ನಿಧಾನಕ್ಕೆ ಇಳಿಸಿದರೆ ಗುಳ್ಳೆ ಕಡಿಮೆ. ಆಗ ಇಟ್ಟಿಗೆ ಜೋಡಿಸಿದಂತೆ ನೇರಳೆ ಕೋಶಗಳು ಕಂಡವು.

ಒಂದು ಅಂಚಿಗೆ ಉಪ್ಪುನೀರು ಬಿಟ್ಟು, ಎದುರು ಅಂಚಿನಲ್ಲಿ ಫಿಲ್ಟರ್ ಪೇಪರಿನಿಂದ ಹೀರಿಸಿದ್ವಿ. ಕೋಶದ ನೀರು ಹೊರಬಂದು, ಬಣ್ಣದ ಒಳಭಾಗ ಕುಗ್ಗಿ ಭಿತ್ತಿಯಿಂದ ಬಿಟ್ಟುಕೊಂಡಿತು. ಸೆಲ್ ವಾಲ್ ಬೇರೆ, ಮೆಂಬ್ರೇನ್ ಬೇರೆ ಅಂತ ಬರೀ ಬಾಯಿಪಾಠ ಮಾಡಿದ್ದ ನಾವು ಅದನ್ನು ನೋಡಿದ್ದು ಅವತ್ತೇ.

“ಸಾದಾ ನೀರು ಬಿಟ್ರೆ ಮತ್ತೆ ಉಬ್ಬುತ್ತಾ ಅಣ್ಣಾ?” ಒಬ್ಬಳು ಕೇಳಿದಳು. ಬಿಟ್ಟು ನೋಡಿದ್ವಿ. ಉಬ್ಬಿತು.