ಕಾರು ಸಾಲ: ಕಂತು ಇಳಿದರೆ ಉಳಿತಾಯವೇ?

ಕಾರು ಸಾಲವನ್ನು ಕಡಿಮೆ ಬಡ್ಡಿಯ ಬ್ಯಾಂಕಿಗೆ ವರ್ಗಾಯಿಸುವಾಗ ನೋಡಬೇಕಾದುದು ತಿಂಗಳ ಕಂತನ್ನಲ್ಲ, ಕೊನೆಯವರೆಗೆ ಕಟ್ಟುವ ಒಟ್ಟು ಹಣವನ್ನು. 6 ಲಕ್ಷ ರೂಪಾಯಿ ಬಾಕಿ, 4 ವರ್ಷ ಅವಧಿ, ಶೇ 11ರ ಬಡ್ಡಿ ಎಂದುಕೊಳ್ಳಿ. ಕಂತು ಸುಮಾರು 15,500. ಬಡ್ಡಿ ಶೇ 9ಕ್ಕೆ ಇಳಿದರೆ ಒಟ್ಟು 27,600 ರೂಪಾಯಿಯಷ್ಟು ಉಳಿಯುತ್ತದೆ. ಅದೇ ಸಾಲವನ್ನು 5 ವರ್ಷಕ್ಕೆ ಎಳೆದರೆ, ಕಂತು 12,455ಕ್ಕೆ ಇಳಿದರೂ ಒಟ್ಟು ಪಾವತಿ ಹಳೆಯದಕ್ಕಿಂತ ಸುಮಾರು 3,000 ಹೆಚ್ಚುತ್ತದೆ.

ಕೈ ಬಿಗಿಯಾದಾಗ ಸಣ್ಣ ಕಂತೇ ಆಸರೆಯಲ್ಲವೇ ಎನ್ನಬಹುದು. ನಿಜ, ಆದರೆ ಅದು ಬಿಡುವು, ಉಳಿತಾಯವಲ್ಲ. ಅವಧಿಗೆ ಮುನ್ನ ತೀರಿಸಲು ಹಳೆಯ ಬ್ಯಾಂಕು ಶೇ 3 ಶುಲ್ಕ ಕೇಳಿದರೆ, ಜಿಎಸ್‌ಟಿ ಸೇರಿ 21,240 ರೂಪಾಯಿ ಅಲ್ಲೇ ಹೋಗುತ್ತದೆ. ಹೊಸ ಬ್ಯಾಂಕಿನ ಶುಲ್ಕ, ಆರ್‌ಸಿಯಲ್ಲಿ ಸಾಲದಾತರ ಹೆಸರು ಬದಲಿಸುವ ಖರ್ಚು ಬೇರೆ. ಹಾಗಾಗಿ ಅಸಲು ಹೆಚ್ಚಿರುವ ಆರಂಭದ ವರ್ಷಗಳಲ್ಲಿ, ಅವಧಿ ಹಿಗ್ಗಿಸದೆ, ಶುಲ್ಕವನ್ನೆಲ್ಲ ಕಳೆದು ನೋಡಿಯೇ ಹೆಜ್ಜೆ ಇಡಬೇಕು.